ಮಹಾನಗರದಲ್ಲಿ ಎಲೆಯೂಟ

ಬೆಂಗಳೂರಿನಂಥ ಮಹಾನಗರದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು ಕಷ್ಟವಲ್ಲ. ಊಟ ಮಾಡುವುದು ಕಷ್ಟ. ಈ ಎರಡರ ನಡುವಣ ಅಂತರವನ್ನು ನಮ್ಮ ಭಾಷೆ ಬಹು ಹಿಂದೆಯೇ ಗುರುತಿಸಿಕೊಂಡಿದೆ. 'ತಿನ್' ಎಂಬ ಧಾತುವಿನಿಂದ ತಿಂಡಿ ಬಂದಿತು; 'ಉಣ್' ಎಂಬ ಧಾತುವಿನಿಂದ ಊಟ ಬಂದಿತು. ತಿಂಡಿಯನ್ನು ನಿಂತು ತಿನ್ನಬಹುದು, ನಡೆಯುತ್ತಲೂ ತಿನ್ನಬಹುದು, ಪೊಟ್ಟಣ ಕಟ್ಟಿಸಿಕೊಂಡು ಬಸ್ಸಿನಲ್ಲಿ ಬಿಚ್ಚಿಯೂ ತಿನ್ನಬಹುದು. ಊಟ ಹಾಗಲ್ಲ. ಅದಕ್ಕೆ ಕುಳಿತುಕೊಳ್ಳಬೇಕು, ಬಡಿಸುವವರೊಬ್ಬರಿರಬೇಕು, ಮೊದಲು ಯಾವುದು, ಅನಂತರ ಯಾವುದು ಎಂಬ ಕ್ರಮವೊಂದು ಇರಬೇಕು. ಬಡಿಸುವುದು ಎಂಬ ಮಾತನ್ನೇ ನೋಡಿ. ಹಳಗನ್ನಡದಲ್ಲಿ ಅದು 'ಬಡ್ಡಿಸು'. ತೆಲುಗರು ಇಂದಿಗೂ 'ವಡ್ಡಿಂಚು' ಎನ್ನುತ್ತಾರೆ. ಕೊಡು, ಹಾಕು, ನೀಡು ಮುಂತಾದ ಕ್ರಿಯಾಪದಗಳೆಲ್ಲ ಇದ್ದರೂ ಊಟದ ಎಲೆಗೆ ಮಾತ್ರ ಬೇರೆಯೇ ಒಂದು ಕ್ರಿಯಾಪದವನ್ನು ಮೀಸಲಿಟ್ಟ ಜನ ನಾವು. ಹೀಗಿರುವಾಗ ಸಂಪ್ರದಾಯದ ಊಟವನ್ನು ದೊಡ್ಡ ಪಟ್ಟಣದಲ್ಲಿ ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆ, ಯಾವ ಹೋಟೆಲಿನ ಸಾರು ಚೆನ್ನ ಎಂಬ ಪ್ರಶ್ನೆಗಿಂತ ಸ್ವಲ್ಪ ಬೇರೆಯಾದದ್ದು.

ಈ ವಿಷಯದಲ್ಲಿ ಫ್ರೆಂಚರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ನಾವು ಆಡುವ ಹೋಟೆಲು, ರೆಸ್ಟೋರೆಂಟು, ಕೆಫೆ, ಮೆನು, ಬಫೆ ಎಂಬ ಮಾತುಗಳೆಲ್ಲ ಇಂಗ್ಲಿಷಿನ ಬಾಗಿಲಿನಿಂದ ನಮ್ಮ ಮನೆಗೆ ಬಂದಿದ್ದರೂ ಹುಟ್ಟಿದ್ದು ಫ್ರಾನ್ಸಿನಲ್ಲಿ. 'ರೆಸ್ಟೋರೆಂಟ್' ಎಂದರೆ ಮೊದಲಿಗೆ ಊಟದ ಮನೆಯಲ್ಲ. ಬಳಲಿದವರಿಗೆ ಚೈತನ್ಯ ಕೊಡುವ ಒಂದು ಬಗೆಯ ಮಾಂಸದ ತಿಳಿಸಾರಿನ ಹೆಸರು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನಲ್ಲಿ ಆ ಸಾರನ್ನು ಮಾರುತ್ತಿದ್ದ ಅಂಗಡಿಗಳಿಗೆ ಅದೇ ಹೆಸರು ಅಂಟಿಕೊಂಡಿತು. 1789ರ ಮಹಾಕ್ರಾಂತಿಯ ತರುವಾಯ ಶ್ರೀಮಂತರ ಅರಮನೆಗಳಲ್ಲಿ ಕೆಲಸ ಕಳೆದುಕೊಂಡ ಬಾಣಸಿಗರಲ್ಲಿ ಅನೇಕರು ಇಂಥ ಮನೆಗಳನ್ನು ತೆರೆದರು. ನ್ಯಾಯಾಧೀಶನಾಗಿದ್ದ ಬ್ರಿಯಾ-ಸಾವರ್ಯಾ ಎಂಬಾತ ರುಚಿಯ ತತ್ತ್ವವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು 1825ರಲ್ಲಿ ಹೊರತಂದನು. 2010ರಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿದ್ದು ಫ್ರೆಂಚರ ಯಾವುದೋ ಒಂದು ಭಕ್ಷ್ಯವನ್ನಲ್ಲ, ಅವರ 'ಊಟ'ವನ್ನು: ಮೊದಲು ಒಂದು ಪಾನೀಯ, ಬಳಿಕ ಮೊದಲ ತಿನಿಸು, ತರಕಾರಿಯೊಡನೆ ಮೀನು ಅಥವಾ ಮಾಂಸ, ಗಿಣ್ಣು, ಸಿಹಿ, ಕೊನೆಗೆ ಮತ್ತೊಂದು ಪಾನೀಯ ಎಂಬ ಕ್ರಮವನ್ನು, ಜೊತೆಗೆ ಕುಳಿತು ಉಣ್ಣುವ ಆ ಪದ್ಧತಿಯನ್ನು. ಪ್ಯಾರಿಸ್ಸಿಗೆ ಹೋದವನು ಸಂಪ್ರದಾಯದ ಊಟ ಎಲ್ಲಿ ಎಂದು ಕೇಳಿದರೆ ಭಾರಿ ಬೆಲೆಯ ಮನೆಗಳನ್ನೇ ತೋರಿಸಬೇಕಾಗಿಲ್ಲ. 1896ರಲ್ಲಿ ಆರಂಭವಾದ ಬುಯೋಂ ಶಾರ್ತಿಯೆ ಎಂಬ ಜನಸಾಮಾನ್ಯರ ಭೋಜನಶಾಲೆ ಇಂದಿಗೂ ನಡೆಯುತ್ತಿದೆ. ಅಪರಿಚಿತರು ಒಂದೇ ಮೇಜಿನಲ್ಲಿ ಕೂರುತ್ತಾರೆ. ಬಡಿಸುವವನು ಲೆಕ್ಕವನ್ನು ಮೇಜಿನ ಮೇಲೆ ಹಾಸಿದ ಕಾಗದದ ಮೇಲೆಯೇ ಬರೆಯುತ್ತಾನೆ. ನಮ್ಮ ಹಳೆಯ ಹೋಟೆಲುಗಳನ್ನು ಕಂಡವರಿಗೆ ಇದು ತೀರ ಪರಕೀಯವೆಂದು ತೋರಲಾರದು.

ಇನ್ನೊಂದು ಸಂಗತಿ. ಫ್ರೆಂಚರ ಹಳೆಯ ರಾಜಭೋಜನಗಳಲ್ಲಿ ಭಕ್ಷ್ಯಗಳನ್ನೆಲ್ಲ ಒಮ್ಮೆಗೇ ಮೇಜಿನ ಮೇಲೆ ಅಂದವಾಗಿ ಜೋಡಿಸಿಡುತ್ತಿದ್ದರು. ಅತಿಥಿಯು ತನ್ನ ಕೈಗೆ ಎಟಕಿದ್ದನ್ನು ಉಣ್ಣಬೇಕು. ಒಂದಾದಮೇಲೊಂದರಂತೆ ಬಿಸಿಬಿಸಿಯಾಗಿ ತಂದು ಬಡಿಸುವ ಪದ್ಧತಿ ಅಲ್ಲಿ ನೆಲೆಯೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದನ್ನು ಅವರು ರಷ್ಯನ್ನರಿಂದ ಕಲಿತರು. ಅದಕ್ಕೆ ರಷ್ಯನ್ ಪದ್ಧತಿಯೆಂದೇ ಹೆಸರು. ನಮ್ಮ ಬಾಳೆಯೆಲೆಯಲ್ಲಿ ಈ ಎರಡು ಪದ್ಧತಿಗಳೂ ಒಟ್ಟಿಗೆ ಇವೆ.

ಎಲೆಯನ್ನೊಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ನಮ್ಮ ಶೃಂಗೇರಿ ಸೀಮೆಯಲ್ಲಿ, ಬೇಗಾರು ಕಿಗ್ಗಗಳ ಕಡೆಯ ಮನೆಗಳಲ್ಲಿ, ಕುಡಿಬಾಳೆಯ ತುದಿ ಉಣ್ಣುವವನ ಎಡಕ್ಕೆ ಬರುವಂತೆ ಎಲೆ ಹಾಕುತ್ತಾರೆ. ಮೇಲಿನ ಎಡ ಮೂಲೆಯಲ್ಲಿ ಉಪ್ಪು. ಅದರ ಮಗ್ಗುಲಲ್ಲಿ ಉಪ್ಪಿನಕಾಯಿ, ಕೋಸಂಬರಿ, ಚಟ್ನಿ, ಪಲ್ಯಗಳು, ಗೊಜ್ಜು, ಸಾಸಿವೆ, ಚಿತ್ರಾನ್ನ. ಇವೆಲ್ಲ ಎಲೆಯ ಮೇಲ್ಭಾಗದಲ್ಲಿ ಒಮ್ಮೆಗೇ ಬಂದು ಕುಳಿತು, ಊಟ ಮುಗಿಯುವವರೆಗೂ ತಮ್ಮ ಸ್ಥಳ ಬಿಟ್ಟು ಕದಲುವುದಿಲ್ಲ. ಎಲೆಯ ಕೆಳಭಾಗದ್ದು ಬೇರೆಯೇ ರೀತಿ. ಅಲ್ಲಿ ಅನ್ನವೊಂದೇ ಸ್ಥಿರ. ಉಳಿದದ್ದೆಲ್ಲ ಸರದಿಯ ಮೇಲೆ ಬರುತ್ತದೆ. ಮೊದಲು ತೊವ್ವೆ ಮತ್ತು ತುಪ್ಪ, ಮಳೆಗಾಲವಾದರೆ ತಂಬುಳಿ, ಅನಂತರ ಸಾರು, ಹುಳಿ, ಮಜ್ಜಿಗೆಹುಳಿ, ನಡುವೆ ಹೋಳಿಗೆ, ಪಾಯಸ, ಕಡೆಯಲ್ಲಿ ಮೊಸರು, ಮಜ್ಜಿಗೆ. ಮೇಲ್ಭಾಗದಲ್ಲಿ ಸ್ವಾತಂತ್ರ್ಯ, ಕೆಳಭಾಗದಲ್ಲಿ ನಿಯಮ. ಸಾರನ್ನದ ಜೊತೆ ಯಾವ ಪಲ್ಯ ನಂಚಿಕೊಳ್ಳಬೇಕೆಂಬುದು ಉಣ್ಣುವವನ ಇಷ್ಟ. ಆದರೆ ಸಾರಿಗಿಂತ ಮೊದಲು ಮಜ್ಜಿಗೆ ಬರುವಂತಿಲ್ಲ. ಸೌಟು ಹಿಡಿದು ಬರುವವನು ಎಲೆಯನ್ನು ನೋಡಿದೊಡನೆ ಯಾರು ಎಲ್ಲಿದ್ದಾರೆಂದು ತಿಳಿದುಕೊಳ್ಳುತ್ತಾನೆ. ಪಂಕ್ತಿಯಲ್ಲಿ ನಿಧಾನಿ ಒಬ್ಬನಿದ್ದರೆ ಅವನಿಗಾಗಿ ಉಳಿದವರು ಕಾಯುತ್ತಾರೆ. ಕಾಯುವ ಹೊತ್ತಿನಲ್ಲಿ ಯಾರಾದರೊಬ್ಬರು ಶ್ಲೋಕ ಹೇಳುತ್ತಾರೆ. ಎಲ್ಲರ ಊಟ ಮುಗಿಯುವ ತನಕ ಯಾರೂ ಏಳುವಂತಿಲ್ಲ.

ಇದನ್ನೆಲ್ಲ ನಮ್ಮವರು ಬರೆದಿಡಲಿಲ್ಲವೆಂದು ಭಾವಿಸಬೇಕಾಗಿಲ್ಲ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡಿಗೆಯ ವಿಚಾರವಿದೆ. ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗಕ್ಕೇ ಒಂದು ಪ್ರಕರಣ ಮೀಸಲು. ಹದಿನಾರನೆಯ ಶತಮಾನದ ಆದಿಯ ಮೂರನೆಯ ಮಂಗರಸ 'ಸೂಪಶಾಸ್ತ್ರ'ವೆಂಬ ಪಾಕಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದನು. ನಮ್ಮ ಮಲೆನಾಡಿಗೆ ಸಮೀಪದವನಾದ ಕೆಳದಿಯ ಬಸವಭೂಪಾಲನ 'ಶಿವತತ್ತ್ವರತ್ನಾಕರ'ವೂ ಅಡಿಗೆಮನೆಯನ್ನು ಬಿಟ್ಟಿಲ್ಲ. ಇವೆಲ್ಲ ಅರಮನೆಯ ಊಟದ ಮಾತು, ನಿಜ. ಅರಮನೆಯ ಊಟ ಹೊರಗೆ ಬಂದು ಮಾರಾಟಕ್ಕೆ ನಿಂತದ್ದು ಪ್ಯಾರಿಸ್ಸಿನ ಕಥೆ. ನಮ್ಮಲ್ಲಿ ಹಾಗಾಗಲಿಲ್ಲ, ಇಲ್ಲಿ ಹೋಟೆಲು ಹುಟ್ಟಿದ್ದು ಮಠ-ದೇವಸ್ಥಾನಗಳ ಅಡಿಗೆಯಿಂದ, ಉಡುಪಿ-ಕುಂದಾಪುರದ ಕಡೆಯ ಬಡ ಬ್ರಾಹ್ಮಣ ಹುಡುಗರ ವಲಸೆಯಿಂದ.

ಆ ವಲಸೆಯ ಅತ್ಯಂತ ಪ್ರಸಿದ್ಧ ಫಲವೆಂದರೆ ಬೆಂಗಳೂರಿನ ಎಂ.ಟಿ.ಆರ್. ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಅದನ್ನು ಆರಂಭಿಸಿದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿನ ಪ್ರವಾಸ ಮಾಡಿ ಅಲ್ಲಿನ ಊಟದ ಮನೆಗಳು ನಡೆಯುವ ಬಗೆಯನ್ನು ಕಂಡು ಬಂದರು. ಹೋದವರು ಅಲ್ಲಿನ ತಿನಿಸುಗಳನ್ನು ತರಲಿಲ್ಲ. ಶುಚಿಯ ಕಟ್ಟುನಿಟ್ಟನ್ನು ತಂದರು. ಪಾತ್ರೆ ಚಮಚಗಳನ್ನು ಕುದಿನೀರಿನ ಹಬೆಯಲ್ಲಿ ಶುದ್ಧಿ ಮಾಡುವುದು, ಬಂದವರಿಗೆ ಅಡಿಗೆಮನೆಯನ್ನು ತೆರೆದು ತೋರಿಸುವುದು ಅಲ್ಲಿನ ರೂಢಿಯಾಯಿತು. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದಾಗ ಮಾವಳ್ಳಿ ಟಿಫಿನ್ ರೂಂಸ್ ಎಂಬ ಹೆಸರಾಯಿತು. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲಿನ ತಿಂಡಿಗಳ ಬೆಲೆಯನ್ನು ತೀರ ಕೆಳಗಿಳಿಸಿದಾಗ, ಗುಣ ಕೆಡಿಸಲು ಒಪ್ಪದ ಅವರು ಆ ದಿನ ತಮಗಾದ ನಷ್ಟವೆಷ್ಟೆಂಬುದನ್ನು ಹೊರಗೆ ಹಲಗೆಯ ಮೇಲೆ ಬರೆದು ಹಾಕುತ್ತಿದ್ದರಂತೆ. ಕಡೆಗೆ ಕೆಲವು ಕಾಲ ಬಾಗಿಲನ್ನೇ ಮುಚ್ಚಬೇಕಾಯಿತು. ಪುಡಿಗಳನ್ನೂ ಸಿದ್ಧ ಮಿಶ್ರಣಗಳನ್ನೂ ಪೊಟ್ಟಣ ಕಟ್ಟಿ ಮಾರುವ ಉದ್ಯಮ ಬೆಳೆದದ್ದು ಆ ಇಕ್ಕಟ್ಟಿನಿಂದಲೇ. ಆ ಪೊಟ್ಟಣಗಳ ಉದ್ಯಮ 2007ರಲ್ಲಿ ನಾರ್ವೆ ದೇಶದ ಸಂಸ್ಥೆಯೊಂದರ ಪಾಲಾಯಿತು. ಹೋಟೆಲು ಮಾತ್ರ ಮನೆತನದಲ್ಲಿಯೇ ಉಳಿಯಿತು.

ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಬೆಳಗಿನ ರವೆ ಇಡ್ಲಿಗೆ, ಮಸಾಲೆ ದೋಸೆಗೆ ಹೋಗುತ್ತಾರೆ. ನನ್ನ ಸಲಹೆ ಮಧ್ಯಾಹ್ನ ಹೋಗಬೇಕೆಂಬುದು. ಬೆಳ್ಳಿಯ ಲೋಟದಲ್ಲಿ ಹಣ್ಣಿನ ರಸದಿಂದ ಆರಂಭವಾಗಿ, ಕೋಸಂಬರಿ, ಪಲ್ಯ, ಬಿಸಿಬೇಳೆ ಹುಳಿಯನ್ನ, ಅನ್ನ, ಸಾರು, ಮೊಸರನ್ನಗಳವರೆಗೆ ಒಂದಾದಮೇಲೊಂದರಂತೆ ಬಡಿಸುವವರು ಪಾತ್ರೆ ಹಿಡಿದು ಬರುತ್ತಾರೆ. ನಮ್ಮ ಮನೆಯ ಕ್ರಮವೇ ಅಕ್ಷರಶಃ ಅಲ್ಲಿದೆ ಎನ್ನಲಾರೆ. ಪೂರಿ, ಐಸ್‌ಕ್ರೀಮುಗಳೂ ಆ ಪಂಕ್ತಿಗೆ ಸೇರಿವೆ. ಆದರೆ ಕ್ರಮವೆಂಬುದೊಂದು ಅಲ್ಲಿದೆ, ಬಡಿಸುವವನಿಗೆ ಅದು ಗೊತ್ತಿದೆ. ಊಟಕ್ಕೆ ಅವಸರವಿಲ್ಲದ ದಿನ, ಹಸಿದು ಹೋಗಬೇಕು.

ಬೆಂಗಳೂರಿನ ಖ್ಯಾತಿಯ ಬಹುಪಾಲು ತಿಂಡಿಯದು. ಗಾಂಧಿ ಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ಗೋಡೆಗಳ ಮೇಲೆ ನಮ್ಮ ಸಾಹಿತಿಗಳ ಚಿತ್ರಗಳಿವೆ. ಬಡಿಸುವವನು ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವುದನ್ನು ನೋಡುವುದೇ ಒಂದು ಸೊಗಸು. ಆದರೆ ಅಲ್ಲಿ ಊಟವಿಲ್ಲ. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿ, ನಿಂತು ತಿನ್ನುವ ಹೊಸ ಮಾದರಿಯನ್ನು ತಂದಿತು; ಆಮೇಲೆ ಮೂಲೆಮೂಲೆಗೆ ದರ್ಶಿನಿಗಳಾದುವು. ಅಗ್ಗ, ಶುಚಿ, ಶೀಘ್ರ. ಕೂಲಿಯವನೂ ಅಧಿಕಾರಿಯೂ ಒಂದೇ ಕಟ್ಟೆಗೆ ಮೊಣಕೈಯೂರಿ ತಿನ್ನುವ ಸಮಾನತೆ. ಅದನ್ನು ಹಗುರವಾಗಿ ಕಾಣಬಾರದು. ಆದರೂ ಅಲ್ಲಿ ಬಡಿಸುವ ಕೈ ಮಾಯವಾಯಿತು. ಉಕ್ಕಿನ ತಟ್ಟೆಯ ಮೇಲೆ ಹತ್ತು ಬಟ್ಟಲುಗಳನ್ನು ಸುತ್ತುಗಟ್ಟಿ ಒಮ್ಮೆಗೇ ತಂದಿಡುವ 'ಮೀಲ್ಸ್' ಎಂಬುದೂ ಹಾಗೆಯೇ. ಪಾಯಸವೂ ಸಾರೂ ಮಜ್ಜಿಗೆಯೂ ಒಂದೇ ಗಳಿಗೆಯಲ್ಲಿ ತಣ್ಣಗಾಗುತ್ತ ನಮ್ಮನ್ನು ನೋಡುತ್ತಿರುತ್ತವೆ. ಫ್ರೆಂಚರು ಇನ್ನೂರು ವರ್ಷಗಳ ಹಿಂದೆ ಬಿಡತೊಡಗಿದ ಪದ್ಧತಿಯನ್ನು ನಾವು ಈಗ ಹಿಡಿದಂತಾಗಿದೆ.

ಎಲೆ ಹಾಕಿ ಬಡಿಸುವವರು ಇಲ್ಲವೆಂದಲ್ಲ. ಮಲ್ಲೇಶ್ವರದ ಹಳ್ಳಿಮನೆ ಬಾಳೆಯೆಲೆಯ ಊಟಕ್ಕೆ ಹೆಸರಾದದ್ದು. ಅದೇ ಬಡಾವಣೆಯಲ್ಲಿ 1954ರಿಂದ ಇದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಮುಚ್ಚಿತು. ಕರಾವಳಿಯ, ಮಲೆನಾಡಿನ ಎಷ್ಟೋ ತಿನಿಸುಗಳಿಗೆ ಅದು ನೆಲೆಯಾಗಿತ್ತು. ಅಂಥ ಜಾಗಗಳಲ್ಲಿ ನೆಲದ ಬೆಲೆ ಅಡಿಗೆಯ ಬೆಲೆಯನ್ನು ಎಂದೋ ಮೀರಿದೆ.

ಇಷ್ಟು ಹೊತ್ತು ಅನ್ನ-ಸಾರಿನ ಊಟದ ಮಾತಾಯಿತು. ಕನ್ನಡನಾಡಿನ ಊಟವೆಂದರೆ ಅದೊಂದೇ ಎಂದು ತಿಳಿಯುವುದು ನಮ್ಮಂಥ ದಕ್ಷಿಣದವರ ಸಂಕುಚಿತ ಬುದ್ಧಿ. ಹುಬ್ಬಳ್ಳಿ-ಧಾರವಾಡದ ಕಡೆಯ ಖಾನಾವಳಿ ಬೆಂಗಳೂರಿಗೂ ಬಂದು ನೆಲೆಯೂರಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿಯ ಸೌತೆ-ಈರುಳ್ಳಿ. ರೊಟ್ಟಿ ಸಾಕೆಂದಮೇಲೆ ಅನ್ನ. ಅದರದೂ ಒಂದು ಕ್ರಮ. ಎಷ್ಟೋ ಖಾನಾವಳಿಗಳು ಮನೆಯ ಮುಂಗೋಣೆಯಲ್ಲಿ, ರೊಟ್ಟಿ ಬಡಿಯುವ ಹೆಂಗಸರ ದುಡಿಮೆಯ ಮೇಲೆ ನಡೆದು ಬಂದವು. ಫ್ರಾನ್ಸಿನ ಲಿಯೋಂ ನಗರದ ಊಟದ ಮನೆಗಳ ಕೀರ್ತಿಯೂ ಹೀಗೆಯೇ ಶ್ರೀಮಂತರ ಮನೆಗಳಲ್ಲಿ ಅಡಿಗೆ ಮಾಡಿಕೊಂಡಿದ್ದು ಆಮೇಲೆ ಸ್ವಂತ ಒಲೆ ಹೂಡಿದ ಹೆಂಗಸರದು. ಅಲ್ಲಿನ ಜನ ಅವರನ್ನು ತಾಯಂದಿರೆಂದೇ ಕರೆದರು. ಅವರಲ್ಲಿ ಒಬ್ಬಳಾದ ಯೂಜೆನಿ ಬ್ರಾಝಿಯೆ 1933ರಲ್ಲಿ ಮಿಶೆಲಿನ್ ಮಾರ್ಗದರ್ಶಿಯ ಅತ್ಯುಚ್ಚ ಗೌರವವಾದ ಮೂರು ನಕ್ಷತ್ರಗಳನ್ನು ತನ್ನ ಎರಡೂ ಊಟದ ಮನೆಗಳಿಗೆ ಗಳಿಸಿದಳು. ನಮ್ಮ ರೊಟ್ಟಿಯ ತಾಯಂದಿರ ಹೆಸರನ್ನು ಯಾರೂ ಬರೆದಿಟ್ಟಿಲ್ಲ.

ಇನ್ನು ರಾಗಿಮುದ್ದೆಯ ಊಟಕ್ಕೆ ಮಿಲಿಟರಿ ಹೋಟೆಲುಗಳಿಗೇ ಹೋಗಬೇಕು. ನಾನು ಮಾಂಸಾಹಾರಿಯಲ್ಲವಾದ್ದರಿಂದ ಅಲ್ಲಿನ ಸಾರಿನ ವಿಚಾರದಲ್ಲಿ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ರಾಗಿಗೂ ಭತ್ತಕ್ಕೂ ಜಗಳ ಹೂಡಿ ರಾಗಿಯನ್ನು ಗೆಲ್ಲಿಸಿದ ಕನಕದಾಸರ 'ರಾಮಧಾನ್ಯಚರಿತ್ರೆ'ಯನ್ನು ಹಲವು ವರ್ಷ ಪಾಠ ಹೇಳಿದವನಾಗಿ, ಮುದ್ದೆಯನ್ನು ಬಿಟ್ಟು ಸಂಪ್ರದಾಯದ ಊಟದ ಮಾತಾಡುವುದು ಸಲ್ಲದೆಂದು ಬಲ್ಲೆ.

ಹಾಗಾದರೆ ನಮ್ಮ ಮಲೆನಾಡಿನ ಊಟ? ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರು ಎಷ್ಟೋ ಮಂದಿ. ಆದರೂ ಉಡುಪಿಯ ಹೆಸರಿನ ಹೋಟೆಲು ಬೀದಿಗೊಂದಿದ್ದರೆ ಮಲೆನಾಡಿನ ಊಟದ ಮನೆಯನ್ನು ಹುಡುಕಬೇಕಾಗುತ್ತದೆ. ಇದಕ್ಕೆ ಕಾರಣ ನಮ್ಮ ಅಡಿಗೆಯ ಸ್ವಭಾವದಲ್ಲಿಯೇ ಇದೆ. ಒಂದೆಲಗದ ತಂಬುಳಿಯನ್ನು ಕುದಿಸುವುದಿಲ್ಲ. ಸೊಪ್ಪನ್ನು ಆಗಲೇ ಕಿತ್ತು, ಜೀರಿಗೆ, ಕಾಯಿಯ ಜೊತೆ ಅರೆದು ಮಜ್ಜಿಗೆಗೆ ಬೆರೆಸಿ, ಅದೇ ಹೊತ್ತಿಗೆ ಉಣ್ಣಬೇಕು. ಸಂಜೆಗೆ ಅದು ಹುಳಿ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಬೇಕು. ಅದು ಸಿಕ್ಕುವುದೂ ಮಳೆಗಾಲದ ಕೆಲವೇ ವಾರಗಳಲ್ಲಿ. ಪತ್ರೊಡೆಗೆ ಮಳೆ ಹೊಯ್ದಮೇಲೆ ಚಿಗುರಿದ ಕೆಸುವಿನೆಲೆಯೇ ಆಗಬೇಕು. ಹಲಸಿನಕಾಯಿ ಹುಳಿಗೆ ಒಂದು ಕಾಲ, ಹಣ್ಣಿನ ಕಡುಬಿಗೆ ಇನ್ನೊಂದು. ಹಳ್ಳದ ದಂಡೆಯ ಕಾಡುಮರದ ಅಪ್ಪೆಮಿಡಿ ಒಂದೇ ಭರಣಿಯಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಅದಕ್ಕೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಉಳಿದದ್ದೆಲ್ಲ ಹಿತ್ತಿಲಿಗೂ ಋತುವಿಗೂ ಕಟ್ಟುಬಿದ್ದದ್ದು. ಹೋಟೆಲಿಗೆ ಬೇಕಾದದ್ದು ವರ್ಷದ ಮುನ್ನೂರ ಅರುವತ್ತೈದು ದಿನವೂ ಒಂದೇ ಸಮನಾಗಿರುವ ಸಾಂಬಾರು. ಆದ್ದರಿಂದ ಉಡುಪಿಯ ಅಡಿಗೆ ಪ್ರಯಾಣ ಮಾಡಿತು, ನಮ್ಮದು ಮನೆಯಲ್ಲಿ ಉಳಿಯಿತು.

ಈಗ ಆ ಮನೆಗಳೇ ಬರಿದಾಗುತ್ತಿವೆ. ಅಡಕೆಯ ಹಳದಿ ಎಲೆ ರೋಗ ದಶಕಗಳಿಂದ ನಮ್ಮ ಈ ಮೂರು ತಾಲ್ಲೂಕುಗಳ ತೋಟಗಳನ್ನು ತಿಂದಿದೆ. ತೋಟದ ಉತ್ಪತ್ತಿ ಇಳಿದ ಮನೆಯ ಮಕ್ಕಳು ಪಟ್ಟಣ ಸೇರಿದರು. ದೊಡ್ಡ ಚೌಕಿಯ ಮನೆಯಲ್ಲಿ ಇಬ್ಬರು ವೃದ್ಧರು ಮಾತ್ರ ಉಳಿದಿರುವಾಗ ನೂರು ಎಲೆ ಹಾಕಿ ಬಡಿಸುವವರು ಯಾರು? ಊರಿನ ಸಮಾರಾಧನೆಗೂ ಈಗ ಗುತ್ತಿಗೆಯ ಅಡಿಗೆಯವರೇ ಬರಬೇಕು. ಶೃಂಗೇರಿಯ ಶ್ರೀಮಠದಲ್ಲಿಯೂ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿಯೂ ಬಂದವರಿಗೆಲ್ಲ ದಿನವೂ ಅನ್ನ ದೊರೆಯುತ್ತದೆ. ಅದು ಪ್ರಸಾದ, ಅದನ್ನು ಹೋಟೆಲಿನೊಡನೆ ತೂಗಬಾರದು.

ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ನಮ್ಮ ಹಳೆಯ ಮನೆಗಳ ಪಂಕ್ತಿ ಎಷ್ಟು ಚೆಂದವಾಗಿತ್ತೋ ಅಷ್ಟೇ ಬಿಗಿಯಾಗಿ ಬಾಗಿಲು ಮುಚ್ಚಿಕೊಂಡೂ ಇತ್ತು. ತೋಟದಲ್ಲಿ ದುಡಿದವರಿಗೆ ಎಲೆ ಬೀಳುತ್ತಿದ್ದುದು ಹೊರಗಿನ ಅಂಗಳದಲ್ಲಿ. ಬೆಳಗಿನ ಜಾವದಿಂದ ಒಲೆಯ ಮುಂದೆ ಬೆಂದ ಹೆಂಗಸರು ಉಣ್ಣುತ್ತಿದ್ದುದು ಗಂಡಸರ ಪಂಕ್ತಿಗಳೆಲ್ಲ ಎದ್ದಮೇಲೆ, ಮಧ್ಯಾಹ್ನ ಮೂರು ಗಂಟೆಗೆ, ತಳ ಕಂಡ ಪಾತ್ರೆಗಳಿಂದ. ಹೋಟೆಲುಗಳೂ ಆರಂಭದಲ್ಲಿ ಈ ರೂಢಿಯನ್ನೇ ಹೊತ್ತು ತಂದವು. ದಕ್ಷಿಣ ಭಾರತದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆಯೇ ಕೋಣೆಯಿರುತ್ತಿತ್ತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ಹದಿನೈದನೆಯ ವಿಧಿ, ಜಾತಿಯ ಕಾರಣದಿಂದ ಅಂಗಡಿ, ಸಾರ್ವಜನಿಕ ಭೋಜನಶಾಲೆ, ಹೋಟೆಲುಗಳಿಗೆ ಯಾರಿಗೂ ಪ್ರವೇಶವನ್ನು ತಡೆಯಕೂಡದೆಂದು ವಿಧಿಸಿತು. ದೇಶದ ಮೂಲಶಾಸನವೊಂದು ಹೋಟೆಲಿನ ಹೆಸರೆತ್ತಿ ಮಾತಾಡಬೇಕಾಯಿತೆಂದರೆ ಊಟದ ಪಂಕ್ತಿ ಎಷ್ಟು ದೊಡ್ಡ ವಿಷಯವಾಗಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಹನ್ನೆರಡನೆಯ ಶತಮಾನದ ಶರಣರು ದಾಸೋಹದಲ್ಲಿ ಕಂಡದ್ದನ್ನು ಇಪ್ಪತ್ತನೆಯ ಶತಮಾನದ ಹೋಟೆಲು ವ್ಯಾಪಾರದ ಒತ್ತಡದಿಂದ, ಕಾನೂನಿನ ಅಂಜಿಕೆಯಿಂದ ಕಲಿಯಿತು. ಹೇಗೆ ಕಲಿತರೇನು, ಕಲಿತದ್ದು ಒಳ್ಳೆಯದಾಯಿತು. ಇಂದು ಎಂ.ಟಿ.ಆರ್.ನಲ್ಲಿ ಎದುರು ಕುಳಿತವರು ಯಾರೆಂದು ಯಾರೂ ಕೇಳುವುದಿಲ್ಲ. ಆ ಎಲೆಯ ಕ್ರಮವನ್ನು ಉಳಿಸಿಕೊಂಡು ಈ ಬಾಗಿಲನ್ನೂ ತೆರೆದಿಡಲು ಸಾಧ್ಯವೆಂಬುದಕ್ಕೆ, ಎಷ್ಟೇ ಅಪೂರ್ಣವಾದರೂ, ನಗರವೇ ಸಾಕ್ಷಿ.

ಇಷ್ಟಾಗಿಯೂ ಮಲೆನಾಡಿನ ಪೂರ್ಣ ಕ್ರಮದ ಊಟವನ್ನೇ ಬೆಂಗಳೂರಿನಲ್ಲಿ ಉಣ್ಣಬೇಕೆನ್ನುವವರಿಗೆ ಒಂದು ದಾರಿಯಿದೆ: ಪರಿಚಯದವರ ಮನೆಯ ಮದುವೆ ಉಪನಯನಗಳ ಕರೆಯೋಲೆ ಬಂದರೆ ತಪ್ಪಿಸಬೇಡಿ. ಬಸವನಗುಡಿ, ಹನುಮಂತನಗರ, ಮಲ್ಲೇಶ್ವರಗಳ ಕಲ್ಯಾಣಮಂಟಪಗಳ ಭೋಜನಶಾಲೆಯಲ್ಲಿ ಉದ್ದನೆಯ ಮೇಜುಗಳ ಮೇಲೆ ಎಲೆಗಳು ಇನ್ನೂ ಬೀಳುತ್ತಿವೆ. ಮಗ್ಗುಲಲ್ಲಿ ಬಫೆಯ ಮೇಜೂ ಇರುತ್ತದೆ, ಅವಸರದವರಿಗಾಗಿ. ಅತ್ತ ನೋಡಬಾರದು. ಬಡಿಸುವ ಹುಡುಗರಲ್ಲಿ ಅನೇಕರು ಮಲೆನಾಡಿನ, ಕುಂದಾಪುರದ ಕಡೆಯವರು. ಸೌಟು ಹಿಡಿದ ಬಗೆಯಲ್ಲಿಯೇ ಗೊತ್ತಾಗುತ್ತದೆ. ಮಾತಾಡಿಸಿದರೆ ಊರು ಹೇಳುತ್ತಾರೆ; ಊರು ತಿಳಿದಮೇಲೆ ಒಂದು ಹೋಳಿಗೆ ಹೆಚ್ಚು ಬೀಳುತ್ತದೆ. ಅವಸರವಿಲ್ಲದಿದ್ದರೆ ಮೊದಲ ಪಂಕ್ತಿಯನ್ನು ಬಿಟ್ಟು ಕಡೆಯ ಪಂಕ್ತಿಗೆ ನಿಲ್ಲಿ. ಅಡಿಗೆಯವರೂ ಬಡಿಸಿದವರೂ ಮನೆಯ ಹೆಂಗಸರೂ ಒಟ್ಟಿಗೆ ಕೂರುವುದು ಆಗಲೇ. ಪಾಯಸ ಮುಗಿದಿರಬಹುದು, ಹಪ್ಪಳ ಮೆತ್ತಗಾಗಿರಬಹುದು. ಸಾರು ಮಾತ್ರ ಅಷ್ಟು ಹೊತ್ತಿಗೆ ಚೆನ್ನಾಗಿ ಕುದಿದು ಹದಕ್ಕೆ ಬಂದಿರುತ್ತದೆ.